ಪೆರ್ಪೆಟುವಾ ಕೇಳಿದ್ದು ತಾಳಿಕೊಳ್ಳುವ ಶಕ್ತಿ: ಕಾರ್ತೇಜಿನ ಒಂದು ಪ್ರಕರಣ, ಕ್ರಿ.ಶ. 203

ಆದಿ ಸಭೆಯಲ್ಲಿ, ಅಂದರೆ ಮೊದಲ ಕಾಲದ ಕ್ರೈಸ್ತರಲ್ಲಿ, ಹೆಂಗಸರಿಗೆ ಆತ್ಮಿಕ ವರಗಳು (ದೇವರ ಆತ್ಮ ಕೊಡುವ ದರ್ಶನ, ಪ್ರವಾದನೆಯಂಥ ಶಕ್ತಿಗಳು) ಇದ್ದವಾ, ಇದ್ದರೆ ಅವನ್ನು ಬಳಸೋಕೆ ಬಿಟ್ಟಿದ್ದರಾ ಅನ್ನುವ ವಾದ ಎಲ್ಲಿ ಶುರುವಾದರೂ ಕೊನೆಗೆ ಒಂದೇ ಪತ್ರದ ಎರಡು ಜಾಗಕ್ಕೆ ಬಂದು ನಿಲ್ಲುತ್ತದೆ. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ, ಹೆಂಗಸು ಪ್ರಾರ್ಥಿಸುವಾಗ, ಪ್ರವಾದಿಸುವಾಗ (ದೇವರು ಕೊಟ್ಟ ಮಾತು ಹೇಳುವಾಗ) ತಲೆಗೆ ಮುಸುಕು ಹಾಕಿಕೊಂಡಿರಬೇಕು ಅಂತಿದೆ. ಅಂದರೆ ಪ್ರವಾದಿಸುತ್ತಿದ್ದರು. 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಅಂತಿದೆ. ಒಬ್ಬರು ಅದನ್ನು ಎತ್ತುತ್ತಾರೆ, ಇನ್ನೊಬ್ಬರು ಇದನ್ನು. ಗಂಟೆಗಟ್ಟಲೆ ಮಾತು ನಡೆಯುತ್ತದೆ, ಯಾರೂ ಇದ್ದ ಜಾಗದಿಂದ ಅಲ್ಲಾಡುವುದಿಲ್ಲ.

ಅದರ ಬದಲು ಒಂದು ಪ್ರಕರಣವನ್ನೇ, ಪೆರ್ಪೆಟುವಾ ಅನ್ನುವ ಕ್ರೈಸ್ತ ಹೆಂಗಸಿನದನ್ನೇ, ಹಿಡಿದು ನೋಡೋಣ. ಊರು ಗೊತ್ತಿದೆ, ದಿನ ಗೊತ್ತಿದೆ, ಶಿಕ್ಷೆ ಕೊಟ್ಟ ಅಧಿಕಾರಿಯ ಹೆಸರೂ ಗೊತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೆಂಗಸು ಸೆರೆಮನೆಯಲ್ಲಿ ಕೂತು ಬರೆದದ್ದು ನಮ್ಮ ತನಕ ಉಳಿದು ಬಂದಿದೆ. ಮೊದಲ ಮೂರು ಶತಮಾನಗಳ ಕ್ರೈಸ್ತ ಹೆಂಗಸರು ತಾವೇ ಬರೆದದ್ದು ಅಂತ ನಮಗೆ ಸಿಗುವುದು ತೀರಾ ಕಡಿಮೆ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ನಾವು ಸಾಮಾನ್ಯವಾಗಿ 'ವರಗಳು' ಅಂತ ಒಂದು ಪಾಠ ಮಾಡುತ್ತೇವೆ, 'ಕಷ್ಟದಲ್ಲಿ ನಂಬಿಗಸ್ತಿಕೆ' ಅಂತ ಇನ್ನೊಂದು ಪಾಠ ಮಾಡುತ್ತೇವೆ. ಪೆರ್ಪೆಟುವಾಳ ಪ್ರಕರಣದಲ್ಲಿ ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ. ಸೆರೆ ಇಲ್ಲದಿದ್ದರೆ ಆ ದರ್ಶನಗಳಿಲ್ಲ. ಆ ದರ್ಶನಗಳಿಲ್ಲದೆ ಅವಳು ಅಖಾಡದಲ್ಲಿ ಮೃಗಗಳ ಮುಂದೆ ಹಾಗೆ ನಿಲ್ಲುತ್ತಿರಲಿಲ್ಲ. ಅವಳಿಗೆ ಸಿಕ್ಕ ಅಧಿಕಾರವೂ ಅಲ್ಲಿಂದಲೇ ಬಂತು, ಯಾವ ಬಿಷಪ್ಪನೂ ಕೊಟ್ಟದ್ದಲ್ಲ.

ಯಾರು, ಎಲ್ಲಿ, ಯಾವ ಆರೋಪ

ಕಾರ್ತೇಜ್ ಈಗಿನ ಟುನೀಸಿಯಾದಲ್ಲಿ, ಟುನಿಸ್ ಪಕ್ಕದಲ್ಲೇ ಇದೆ. ಆಗ ಅದು ರೋಮನ್ ಆಫ್ರಿಕಾ ಪ್ರಾಂತ್ಯದ ಮುಖ್ಯ ಪಟ್ಟಣ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕೂಡ ಆಫ್ರಿಕಾದವನೇ, ಈಗಿನ ಲಿಬಿಯಾದಲ್ಲಿರುವ ಲೆಪ್ಟಿಸ್ ಮ್ಯಾಗ್ನಾದವನು. ಕ್ರೈಸ್ತರನ್ನು ಇಡೀ ಸಾಮ್ರಾಜ್ಯದಲ್ಲಿ ಹುಡುಕಿ ಹುಡುಕಿ ಕೊಲ್ಲುತ್ತಿದ್ದರು ಅಂತ ಅಂದುಕೊಳ್ಳುತ್ತೇವೆ. ಆ ಕಾಲಕ್ಕೆ ಹಾಗಿರಲಿಲ್ಲ. ಆಯಾ ಪ್ರಾಂತ್ಯದ ಅಧಿಕಾರಿ ಎಂಥವನು, ಊರ ಜನ ಎಷ್ಟು ಕೆರಳಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಇದೇ ಕಾರ್ತೇಜಿನಲ್ಲಿ 180ರ ಜುಲೈ 17ರಂದು ಸಿಲ್ಲಿ ಅನ್ನುವ ಕಡೆಯ 12 ಮಂದಿಯನ್ನು ಕೊಂದಿದ್ದರು. ಅವರಲ್ಲಿ 5 ಮಂದಿ ಹೆಂಗಸರು.

203ರಲ್ಲಿ ಪ್ರಾಂತ್ಯದ ಮುಖ್ಯ ಅಧಿಕಾರಿ ತೀರಿಕೊಂಡಿದ್ದ. ಅವನ ಜಾಗದಲ್ಲಿ ಹಿಲಾರಿಯಾನಸ್ ಅನ್ನುವ ಅಧಿಕಾರಿ ಮರಣದಂಡನೆಯ ಅಧಿಕಾರವನ್ನು ವಹಿಸಿಕೊಂಡಿದ್ದ. ಚಕ್ರವರ್ತಿಯ ಕಿರಿ ಮಗ ಗೇಟಾನ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಹಬ್ಬಕ್ಕೆ ಅಖಾಡದಲ್ಲಿ ಆಟ ಬೇಕು, ಆಟಕ್ಕೆ ಮೃಗಗಳ ಮುಂದೆ ನಿಲ್ಲಿಸಲು ಜನ ಬೇಕು.

ಹಿಡಿದದ್ದು ಐದು ಮಂದಿ ಯುವಜನರನ್ನು. ಎಲ್ಲರೂ ಇನ್ನೂ ದೀಕ್ಷಾಸ್ನಾನಕ್ಕೆ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವಾಗ ನೀರಿನಲ್ಲಿ ಮಾಡಿಸುವ ಸ್ನಾನಕ್ಕೆ, ತಯಾರಾಗುತ್ತಿದ್ದವರು. ರೆವೊಕಾಟಸ್, ಅವನ ಜೊತೆಯ ಗುಲಾಮಳಾಗಿದ್ದ ಫೆಲಿಸಿಟಾಸ್, ಸಾಟುರ್ನಿನಸ್, ಸೆಕುಂಡುಲಸ್, ಮತ್ತೆ ವಿಬಿಯಾ ಪೆರ್ಪೆಟುವಾ. ಇವರಿಗೆ ಪಾಠ ಹೇಳುತ್ತಿದ್ದ ಸಾಟುರಸ್ ಹಿಡಿಯುವಾಗ ಅಲ್ಲಿರಲಿಲ್ಲ, ಆಮೇಲೆ ತಾನಾಗಿ ಬಂದು ಸಿಕ್ಕಿಕೊಂಡ. ಪೆರ್ಪೆಟುವಾಗೆ ಸುಮಾರು 22 ವರ್ಷ. ಒಳ್ಳೆ ಮನೆತನ, ಓದಿದವಳು, ಮದುವೆಯಾದವಳು, ಎದೆಹಾಲು ಕುಡಿಯುವ ಗಂಡುಮಗು. ತಂದೆ, ತಾಯಿ, ಇಬ್ಬರು ತಮ್ಮಂದಿರೋ ಅಣ್ಣಂದಿರೋ ಇದ್ದರು, ಅವರಲ್ಲಿ ಒಬ್ಬ ಇವಳ ಹಾಗೇ ಕ್ರೈಸ್ತನಾಗುವ ದಾರಿಯಲ್ಲಿದ್ದ. ಗಂಡನ ಸುದ್ದಿ ಮಾತ್ರ ಇಡೀ ಬರಹದಲ್ಲಿ ಎಲ್ಲೂ ಬರುವುದಿಲ್ಲ. ಇದಕ್ಕೆ ವಿದ್ವಾಂಸರು ಹತ್ತು ಕಾರಣ ಊಹಿಸಿದ್ದಾರೆ. ನಾನು ಹನ್ನೊಂದನೆಯದನ್ನು ಸೇರಿಸಲು ಹೋಗುವುದಿಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಬೇಕು. ಇದು ಕಳ್ಳತನದ ಕೇಸಲ್ಲ. ಮಾಡಿದ್ದಕ್ಕೆ ಶಿಕ್ಷೆ ಅಲ್ಲ ಇದು, ಬಿಡದೇ ಇದ್ದದ್ದಕ್ಕೆ ಶಿಕ್ಷೆ. ಚಕ್ರವರ್ತಿಗಳ ಕ್ಷೇಮಕ್ಕಾಗಿ ಒಂದು ಬಲಿ ಅರ್ಪಿಸಿದರೆ ಅದೇ ಗಳಿಗೆಯಲ್ಲಿ ಮನೆಗೆ ಹೋಗಬಹುದಿತ್ತು. ಬಾಗಿಲು ಕೊನೆಯ ತನಕ ತೆರೆದೇ ಇತ್ತು. ಹಾಗಾಗಿ ಪ್ರತಿ ದಿನವೂ ಅವಳು ಹೊಸದಾಗಿ 'ಇಲ್ಲ' ಅನ್ನಬೇಕಾಗಿತ್ತು, ಅದೂ ತೊಡೆಯ ಮೇಲೆ ಮಗುವನ್ನು ಇಟ್ಟುಕೊಂಡು.

ಬರಹದ ಬಗ್ಗೆಯೂ ಒಂದೆರಡು ಮಾತು. ಈ ವೃತ್ತಾಂತ ಲ್ಯಾಟಿನ್‌ನಲ್ಲೂ ಗ್ರೀಕ್‌ನಲ್ಲೂ ಉಳಿದಿದೆ, ಒಟ್ಟು 21 ಚಿಕ್ಕ ಅಧ್ಯಾಯ. ಮೊದಲು ಒಬ್ಬ ಹೆಸರಿಲ್ಲದ ಸಂಪಾದಕನ ಮುನ್ನುಡಿ. ಆಮೇಲೆ 3ರಿಂದ 10ರ ತನಕ ಪೆರ್ಪೆಟುವಾಳದೇ ಮಾತು. ಆಮೇಲೆ ಸಾಟುರಸ್ ಕಂಡ ದರ್ಶನ, ಅದನ್ನು ಅವನೇ ಬರೆದದ್ದು. ಕೊನೆಗೆ ಅಖಾಡದಲ್ಲಿ ನಡೆದದ್ದನ್ನು ಸಂಪಾದಕ ಹೇಳುತ್ತಾನೆ. ಅವಳ ಭಾಗವನ್ನು ಬೇರೆ ಯಾರೋ ಬರೆದು ಅವಳ ಹೆಸರು ಹಾಕಿದ್ದಾರೆ ಅನ್ನುವವರಿದ್ದಾರೆ. ಆದರೆ ಮೂರು ಭಾಗಗಳ ಶೈಲಿ ಮೂರು ಬಗೆ. ಸಂಪಾದಕನದು ಮೆರೆಯುವ ಭಾಷೆ. ಅವಳದು ಚಿಕ್ಕ ಚಿಕ್ಕ ವಾಕ್ಯ, 'ಆಮೇಲೆ', 'ಆಮೇಲೆ' ಅಂತ ಮುಂದೆ ಹೋಗುವ ಬರವಣಿಗೆ, ಎದೆ ನೋವಿನ ಸುದ್ದಿ, ಮಗುವಿನ ಸುದ್ದಿ. ಅವಳೇ ಬರೆದದ್ದು ಅಂತ ಒಪ್ಪಿಕೊಳ್ಳಲು ನನಗೆ ಅಷ್ಟು ಸಾಕು.

ನೀರಿನಲ್ಲಿ ನಿಂತು ಕೇಳಿದ್ದು

ಮೊದಲು ಮನೆಯಲ್ಲೋ ಎಲ್ಲೋ ಕಾವಲಿನಲ್ಲಿ ಇಟ್ಟಿದ್ದರು. ಆಗಲೇ ತಂದೆ ಬಂದ. ಅವಳ ಮೇಲೆ ಜೀವ ಇಟ್ಟುಕೊಂಡಿದ್ದ ಮನುಷ್ಯ, ಮಗಳ ಮನಸ್ಸು ಬದಲಿಸಲು ಬಂದಿದ್ದ. ಅಲ್ಲೇ ಬಿದ್ದಿದ್ದ ಒಂದು ಹೂಜಿಯನ್ನು ತೋರಿಸಿ ಅವಳು ಕೇಳಿದಳು, ಅಪ್ಪಾ, ಇದನ್ನು ಹೂಜಿ ಅನ್ನದೆ ಬೇರೆ ಹೆಸರಿನಿಂದ ಕರೆಯೋಕಾಗುತ್ತಾ? ಆಗಲ್ಲ ಅಂದ. ಹಾಗೇ ನಾನೂ ನಾನಿರುವುದನ್ನು ಬಿಟ್ಟು ಬೇರೆ ಹೇಳಿಕೊಳ್ಳಲಾರೆ, ನಾನು ಕ್ರೈಸ್ತಳು ಅಂದಳು. ತಂದೆ ಸಿಟ್ಟಿನಿಂದ ಕಣ್ಣು ಕಿತ್ತುಬಿಡುವವನ ಹಾಗೆ ಮೈಮೇಲೆ ಬಿದ್ದ, ಆಮೇಲೆ ಹೊರಟುಹೋದ. ಅವನು ಕೆಲವು ದಿನ ಕಣ್ಣಿಗೆ ಬೀಳದಿದ್ದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ ಅಂತ ಅವಳೇ ಬರೆದಿದ್ದಾಳೆ. ಸಂತರ ಕಥೆಗಳಲ್ಲಿ ಇಂಥ ಮಾತು ಸಿಗೋದು ಅಪರೂಪ, ಅಲ್ವಾ?

ಆ ಕೆಲವು ದಿನಗಳಲ್ಲೇ ದೀಕ್ಷಾಸ್ನಾನ ಆಯಿತು. ಇಲ್ಲಿ ಅವಳ ಬರಹದ ತೀರಾ ಮುಖ್ಯವಾದ ಸಾಲು ಬರುತ್ತದೆ ಅಂತ ನನ್ನ ಅಭಿಪ್ರಾಯ. ಈ ನೀರಿನಿಂದ ಬೇರೇನೂ ಕೇಳಬೇಡ, ಶರೀರ ತಾಳಿಕೊಳ್ಳುವ ಶಕ್ತಿಯನ್ನಷ್ಟೇ ಕೇಳು ಅಂತ ಪವಿತ್ರಾತ್ಮನು ತನಗೆ ತಿಳಿಸಿದನಂತೆ.

ಆ ಕಾಲದ ಕಾರ್ತೇಜಿನಲ್ಲಿ ಹೊಸದಾಗಿ ಸ್ನಾನ ಮಾಡಿಸಿಕೊಂಡವರು ಮೇಲೆ ಬಂದ ಕೂಡಲೇ ವರಗಳಿಗಾಗಿ ಬೇಡಿಕೊಳ್ಳುವ ವಾಡಿಕೆ ಇತ್ತು. ಅದೇ ಊರಿನ ಕ್ರೈಸ್ತ ಲೇಖಕ ಟೆರ್ಟುಲ್ಲಿಯನ್ ಹಾಗೆ ಕೇಳಿಕೊಳ್ಳಿ ಅಂತ ಬರೆದಿದ್ದಾನೆ. ಪೆರ್ಪೆಟುವಾ ಕೇಳಿದ್ದು ದರ್ಶನ ಅಲ್ಲ, ಪ್ರವಾದನೆ ಅಲ್ಲ, ಬಿಡುಗಡೆಯಂತೂ ಅಲ್ಲ. ಧೈರ್ಯ ಅವಳ ಸ್ವಭಾವದಲ್ಲೇ ಇತ್ತು, ಹುಟ್ಟಿನಿಂದಲೇ ಗಟ್ಟಿಗಿತ್ತಿ ಅಂತ ಹೇಳಿಬಿಟ್ಟರೆ ಈ ಸಾಲಿಗೆ ಅರ್ಥವೇ ಉಳಿಯುವುದಿಲ್ಲ. ತಾಳಿಕೆ ಅವಳ ಬಳಿ ಇರಲಿಲ್ಲ, ಅದಕ್ಕೇ ಕೇಳಿದಳು. ಅವಳ ಲೆಕ್ಕದಲ್ಲಿ ಅದೂ ಒಂದು ವರವೇ.

ಇರಲಿಲ್ಲ ಅನ್ನುವುದಕ್ಕೆ ಮುಂದಿನ ಸಾಲುಗಳೇ ಸಾಕ್ಷಿ. ಸೆರೆಮನೆಗೆ ಹಾಕಿದರು. ಅಂಥ ಕತ್ತಲೆಯನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಹೆದರಿಹೋದಳು. ಜನ ಕಿಕ್ಕಿರಿದು ಉಸಿರುಗಟ್ಟುವ ಸೆಕೆ, ಸಿಪಾಯಿಗಳ ವಸೂಲಿ, ಎಲ್ಲಕ್ಕಿಂತ ಜಾಸ್ತಿ ಮಗುವಿನ ಚಿಂತೆ. ಟೆರ್ಷಿಯಸ್, ಪೊಂಪೋನಿಯಸ್ ಅನ್ನುವ ಇಬ್ಬರು ಸಭಾಸೇವಕರು ಕಾವಲಿನವರ ಕೈ ಬೆಚ್ಚಗೆ ಮಾಡಿ, ದಿನಕ್ಕೆ ಕೆಲವು ಗಂಟೆ ಗಾಳಿ ಬೆಳಕು ಇರುವ ಕಡೆ ಕೂರುವ ವ್ಯವಸ್ಥೆ ಮಾಡಿದರು. ಹೌದು, ಲಂಚ ಕೊಟ್ಟೇ. ಅವಳು ಅದನ್ನು ಮುಚ್ಚಿಡುವುದೂ ಇಲ್ಲ. ಅಲ್ಲಿ ಹಸಿವಿನಿಂದ ಸೊರಗಿದ್ದ ಮಗುವಿಗೆ ಹಾಲು ಕೊಟ್ಟಳು. ಆಮೇಲೆ ಮಗು ತನ್ನ ಜೊತೆಗೇ ಇರಲು ಅನುಮತಿ ಸಿಕ್ಕಿತು. ಆ ಕೂಡಲೇ ಮೈ ಚೇತರಿಸಿಕೊಂಡಿತು, ಸೆರೆಮನೆ ನನಗೆ ಅರಮನೆಯಾಯಿತು, ಬೇರೆಲ್ಲೂ ಇರಲು ಮನಸ್ಸೇ ಇರಲಿಲ್ಲ ಅಂತ ಬರೆಯುತ್ತಾಳೆ.

ದರ್ಶನ ಕೇಳಿ ಪಡೆಯುವುದು

ಈಗ ವರದ ವಿಷಯ. ಅದನ್ನು ಮೊದಲು ಎತ್ತಿದವಳು ಅವಳಲ್ಲ, ಒಡಹುಟ್ಟಿದವನು. ಈಗ ನಿನ್ನ ಸ್ಥಾನ ದೊಡ್ಡದು, ನೀನು ಕೇಳಿದರೆ ದರ್ಶನ ಸಿಗುತ್ತದೆ, ಮುಂದಿರುವುದು ಸಾವೋ ಬಿಡುಗಡೆಯೋ ಕೇಳಿ ನೋಡು ಅಂತ ತುಂಬಾ ಗೌರವದಿಂದ ಹೇಳಿದ. ಅವಳ ಉತ್ತರದಲ್ಲಿ ಸಂಕೋಚ ಒಂದಿಷ್ಟೂ ಇಲ್ಲ. ನಾನು ಕರ್ತನ ಜೊತೆ ಮಾತಾಡುವವಳು ಅಂತ ನನಗೆ ಗೊತ್ತಿತ್ತು, ಹಾಗಾಗಿ ನಾಳೆ ಹೇಳುತ್ತೇನೆ ಅಂತ ಮಾತು ಕೊಟ್ಟೆ ಅನ್ನುತ್ತಾಳೆ. ನಾಳೆ! ದೀಕ್ಷಾಸ್ನಾನ ಆಗಿ ಇನ್ನೂ ಕೆಲವೇ ದಿನ ಆಗಿರುವ 22 ವರ್ಷದ ಹೆಣ್ಣುಮಗಳು ದಿನ ಹೇಳಿ ಮಾತು ಕೊಡುತ್ತಾಳೆ.

ಕಂಡದ್ದು ಆಕಾಶದ ತನಕ ಹೋಗುವ ಕಂಚಿನ ಏಣಿ. ಒಬ್ಬೊಬ್ಬರೇ ಹತ್ತಬೇಕು, ಅಷ್ಟು ಇಕ್ಕಟ್ಟು. ಎರಡೂ ಬದಿಯಲ್ಲಿ ಕತ್ತಿ, ಈಟಿ, ಕೊಕ್ಕೆ, ಚೂರಿ. ಎಚ್ಚರ ತಪ್ಪಿದರೆ ಮಾಂಸ ಸಿಕ್ಕಿಕೊಳ್ಳುತ್ತದೆ. ಬುಡದಲ್ಲಿ ಭಾರಿ ಘಟಸರ್ಪ. ಸಾಟುರಸ್ ಮೊದಲು ಹತ್ತಿ ಮೇಲಿಂದ ಕರೆದ. ಅವಳು ಸರ್ಪದ ತಲೆಯನ್ನೇ ಮೊದಲ ಮೆಟ್ಟಿಲು ಮಾಡಿಕೊಂಡು ಹತ್ತಿದಳು. ಮೇಲೆ ದೊಡ್ಡ ತೋಟ, ಬಿಳಿ ಕೂದಲಿನ ಕುರುಬ ಕೂತು ಹಾಲು ಕರೆಯುತ್ತಿದ್ದ, ಸುತ್ತ ಬಿಳಿ ಬಟ್ಟೆಯ ಸಾವಿರಾರು ಜನ. ಚೆನ್ನಾಗಿ ಬಂದೆ ಮಗಳೇ ಅಂದು ಗಿಣ್ಣಿನ ಒಂದು ತುಂಡು ಕೊಟ್ಟ. ಎರಡೂ ಕೈ ಜೋಡಿಸಿ ತೆಗೆದುಕೊಂಡು ತಿಂದಳು. ಎಲ್ಲರೂ ಆಮೆನ್ ಅಂದರು. ಎಚ್ಚರವಾದಾಗ ಬಾಯಲ್ಲಿ ಇನ್ನೂ ಏನೋ ಸಿಹಿ ಇತ್ತು.

ಅವಳು ಇದರಿಂದ ತಿಳಿದುಕೊಂಡದ್ದು, ಬಿಡುಗಡೆ ಇಲ್ಲ. ಒಡಹುಟ್ಟಿದವನಿಗೂ ಅದನ್ನೇ ಹೇಳಿದಳು. ಇಬ್ಬರೂ ಈ ಲೋಕದ ಆಸೆ ಬಿಟ್ಟರು. ವರ ಅಂದ ಕೂಡಲೇ ಒಳ್ಳೆ ಸುದ್ದಿ, ಬಾಗಿಲು ತೆರೆಯುವುದು, ಸಮಸ್ಯೆ ತೀರುವುದು ಅಂತ ನಾವು ನೆನೆಯುತ್ತೇವೆ. ಇಲ್ಲಿ ಬಂದದ್ದು ಕೆಟ್ಟ ಸುದ್ದಿ. ಆದರೂ ಅದು ಅವಳನ್ನು ಗಟ್ಟಿ ಮಾಡಿತು, ಯಾಕೆಂದರೆ ಇನ್ನು ಮೇಲೆ 'ಏನಾಗುತ್ತದೋ' ಅನ್ನುವ ಚಡಪಡಿಕೆ ಉಳಿಯಲಿಲ್ಲ.

ತಂದೆ ಮತ್ತೆ ಬಂದ. ಈ ಸಲ ಸಿಟ್ಟಿಲ್ಲ, ಕೈಗೆ ಮುತ್ತಿಟ್ಟು ಕಾಲಿಗೆ ಬಿದ್ದ, ನನ್ನ ನರೆಗೂದಲು ನೋಡು ಅಂದ, ಮಗಳನ್ನು ಒಡತಿಯನ್ನು ಕರೆಯುವ ಹಾಗೆ ಕರೆದ. ಅವಳು ಅವನಿಗಾಗಿ ಮರುಗಿದಳು, ಆದರೆ ಜಗ್ಗಲಿಲ್ಲ. ವಿಚಾರಣೆಯ ದಿನ ಪಟ್ಟಣದ ಚೌಕದಲ್ಲಿ ಜನ ಜಮಾಯಿಸಿದ್ದರು. ತಂದೆ ಮಗುವನ್ನು ಎತ್ತಿಕೊಂಡು ಬಂದು ಅವಳನ್ನು ಮೆಟ್ಟಿಲಿನಿಂದ ಕೆಳಕ್ಕೆ ಎಳೆದ. ಹಿಲಾರಿಯಾನಸ್ ಕೂಡ ಅದೇ ಮಾತು ಹೇಳಿದ: ಮುದಿ ತಂದೆಯ ಮೇಲೆ ಕರುಣೆ ಇಡು, ಕೂಸಿನ ಮೇಲೆ ಕರುಣೆ ಇಡು, ಚಕ್ರವರ್ತಿಗಳ ಕ್ಷೇಮಕ್ಕೆ ಬಲಿ ಅರ್ಪಿಸು. 'ಮಾಡುವುದಿಲ್ಲ.' 'ನೀನು ಕ್ರೈಸ್ತಳಾ?' 'ಹೌದು, ಕ್ರೈಸ್ತಳು.' ತಂದೆ ಇನ್ನೂ ಬಿಡದೆ ಒತ್ತಾಯ ಮಾಡುತ್ತಿದ್ದಾಗ ಅವನನ್ನು ಕೆಳಗೆ ತಳ್ಳಿಸಿ ಬೆತ್ತದಿಂದ ಹೊಡೆಸಿದರು. ನನ್ನನ್ನೇ ಹೊಡೆದಷ್ಟು ನೋವಾಯಿತು ಅಂತ ಬರೆಯುತ್ತಾಳೆ. ಎಲ್ಲರಿಗೂ ಮೃಗಗಳ ಶಿಕ್ಷೆಯಾಯಿತು.

ಸೆರೆಗೆ ಮರಳಿ ಬಂದ ಮೇಲೆ ಹಾಲು ಕೊಡಲು ಮಗುವನ್ನು ತರಿಸಿಕೊಳ್ಳಲು ಪೊಂಪೋನಿಯಸ್‌ನನ್ನು ಕಳಿಸಿದಳು. ತಂದೆ ಕೊಡಲಿಲ್ಲ. ಅಂದಿನಿಂದ ಮಗುವಿಗೂ ಎದೆಹಾಲು ಬೇಕಾಗಲಿಲ್ಲ, ಅವಳಿಗೂ ಹಾಲು ಕಟ್ಟಿಕೊಂಡು ನೋವಾಗಲಿಲ್ಲ. ಅದು ದೇವರ ಚಿತ್ತ ಅಂತ ಅವಳು ಓದಿಕೊಂಡಳು. ಉಪದೇಶಗಳಲ್ಲಿ ಈ ಜಾಗವನ್ನು 'ಎಂಥಾ ಭಕ್ತಿ' ಅಂತ ಬೇಗ ದಾಟಿಬಿಡುತ್ತಾರೆ. ನನಗೆ ಅಷ್ಟು ಸುಲಭವಾಗಿ ದಾಟಲು ಆಗುವುದಿಲ್ಲ. ಆ ಮುದುಕನದು ಏನು ತಪ್ಪು? ಮಗುವಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಇದೆ. ಅವಳೂ ಇದನ್ನು ಸಿಹಿ ಮಾಡಿ ಬರೆದಿಲ್ಲ, ನಾವು ಯಾಕೆ ಮಾಡಬೇಕು?

ಸತ್ತ ತಮ್ಮನಿಗಾಗಿ

ಕೆಲವು ದಿನಗಳಾದ ಮೇಲೆ ಎಲ್ಲರೂ ಪ್ರಾರ್ಥಿಸುತ್ತಿದ್ದಾಗ ಅವಳ ಬಾಯಿಂದ ಒಂದು ಹೆಸರು ಬಂತು, ಡಿನೊಕ್ರಾಟಿಸ್. ಮುಖದ ಹುಣ್ಣಿನಿಂದ ಏಳನೇ ವಯಸ್ಸಿಗೆ ಸತ್ತಿದ್ದ ತಮ್ಮ. ಎಷ್ಟೋ ದಿನದಿಂದ ಅವನ ನೆನಪೇ ಆಗಿರಲಿಲ್ಲ, ಅವಳಿಗೇ ಆಶ್ಚರ್ಯ. ಇವನಿಗಾಗಿ ಬೇಡಿಕೊಳ್ಳುವ ಯೋಗ್ಯತೆ ನನಗಿದೆ, ಬೇಡಿಕೊಳ್ಳಲೇಬೇಕು ಅಂತ ಆ ಕ್ಷಣ ತಿಳಿಯಿತು ಅನ್ನುತ್ತಾಳೆ. ಅಂದು ರಾತ್ರಿಯೇ ಕಂಡಳು: ಕತ್ತಲೆಯ ಜಾಗದಿಂದ ಹುಡುಗ ಬರುತ್ತಾನೆ, ಮೈ ಕೊಳಕು, ಬಾಯಾರಿಕೆ, ಮುಖದಲ್ಲಿ ಅದೇ ಗಾಯ. ಮುಂದೆ ನೀರು ತುಂಬಿದ ತೊಟ್ಟಿ ಇದೆ, ಆದರೆ ಅದರ ಕಟ್ಟೆ ಅವನ ಎತ್ತರಕ್ಕಿಂತ ಮೇಲಿದೆ. ತುದಿಗಾಲಲ್ಲಿ ನಿಂತರೂ ಎಟುಕುವುದಿಲ್ಲ.

ಅವಳು ಹಗಲು ರಾತ್ರಿ ಅಳುತ್ತಾ ಪ್ರಾರ್ಥಿಸಿದಳು. ಅಷ್ಟರಲ್ಲಿ ಅವರನ್ನು ದಂಡಿನ ಸೆರೆಮನೆಗೆ ಸಾಗಿಸಿದ್ದರು, ಆಟ ನಡೆಯಬೇಕಾದದ್ದು ಅಲ್ಲೇ. ಕೋಳ ಹಾಕಿದ ಒಂದು ದಿನ ಮತ್ತೆ ಕಂಡಳು. ಹುಡುಗ ಮಿಂದು ಶುಭ್ರವಾಗಿದ್ದಾನೆ, ಗಾಯ ಮಾಯಿ ಕಲೆ ಮಾತ್ರ ಉಳಿದಿದೆ, ತೊಟ್ಟಿಯ ಕಟ್ಟೆ ಅವನ ಹೊಕ್ಕುಳ ಮಟ್ಟಕ್ಕೆ ಇಳಿದಿದೆ. ಮೇಲಿದ್ದ ಚಿನ್ನದ ಬಟ್ಟಲಿನಲ್ಲಿ ಬೇಕಾದಷ್ಟು ಕುಡಿದು ಮಕ್ಕಳ ಹಾಗೆ ಆಡಲು ಓಡಿದ.

ಏಣಿಯ ದರ್ಶನ ಅವಳ ಗುಂಪಿನ ಪ್ರಶ್ನೆಗೆ ಉತ್ತರ. ಇದು ಅದಕ್ಕಿಂತ ದೂರ ಹೋಯಿತು. ತನ್ನ ಪ್ರಾರ್ಥನೆ ಸಾವಿನ ಆಚೆಗೂ ಮುಟ್ಟುತ್ತದೆ ಅಂತ ಒಬ್ಬ ಹೆಂಗಸು ಹೇಳುತ್ತಿದ್ದಾಳೆ, ಯಾರ ಅಪ್ಪಣೆಯನ್ನೂ ಕೇಳದೆ. ಮುಂದೆ ಇದು ದೊಡ್ಡವರಿಗೆ ತಲೆನೋವಾಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಆಟದ ಹಿಂದಿನ ದಿನ ನಾಲ್ಕನೇ ದರ್ಶನ. ಅಖಾಡದಲ್ಲಿ ಒಬ್ಬ ಐಗುಪ್ತದವನ (ಈಜಿಪ್ಟಿನವನ) ಜೊತೆ ಕುಸ್ತಿ. ಅವಳ ಬಟ್ಟೆ ಕಳಚಿದರು, ನಾನು ಗಂಡಾದೆ ಅನ್ನುತ್ತಾಳೆ, ಜಟ್ಟಿಗಳಿಗೆ ಮಾಡುವ ಹಾಗೆ ಎಣ್ಣೆ ಹಚ್ಚಿದರು. ಹೊಡೆದಾಡಿ, ಅವನನ್ನು ಕೆಡವಿ, ತಲೆ ಮೆಟ್ಟಿ, ಚಿನ್ನದ ಹಣ್ಣುಗಳಿದ್ದ ಹಸಿರು ಕೊಂಬೆ ಗೆದ್ದಳು. ನನ್ನ ಹೋರಾಟ ಮೃಗಗಳ ಜೊತೆಗಲ್ಲ, ಸೈತಾನನ ಜೊತೆ ಅಂತ ಎಚ್ಚರವಾದಾಗ ತಿಳಿಯಿತು. ಗಂಡಾದೆ ಅನ್ನುವ ಒಂದು ಮಾತನ್ನೇ ಹಿಡಿದು ಜನ ಏನೇನೋ ಬರೆದಿದ್ದಾರೆ. ಅದೇ ದರ್ಶನದ ಕೊನೆಗೆ ಅಖಾಡದ ಯಜಮಾನ ಅವಳನ್ನು 'ಮಗಳೇ, ನಿನಗೆ ಸಮಾಧಾನ' ಅಂತಲೇ ಹರಸುತ್ತಾನೆ. ಅದನ್ನು ಮರೆಯಬಾರದು.

ಅಲ್ಲಿಗೆ ಅವಳ ಬರಹ ಮುಗಿಯಿತು. ಆಟದಲ್ಲಿ ನಡೆಯುವುದನ್ನು ಬೇಕಾದವರು ಬರೆಯಲಿ ಅಂತ ಲೇಖನಿ ಕೆಳಗಿಟ್ಟಳು.

ಬಿಷಪ್ ಅವಳ ಕಾಲಿಗೆ ಬೀಳುವುದು

ಸಾಟುರಸ್‌ನ ದರ್ಶನದಲ್ಲಿ ನನಗೆ ಬೇಕಾದದ್ದು ಒಂದೇ ದೃಶ್ಯ. ಅವನೂ ಪೆರ್ಪೆಟುವಾಳೂ ಸತ್ತು ಪರಲೋಕದ ತೋಟ ಸೇರಿದ್ದಾರೆ. ಬಾಗಿಲ ಹೊರಗೆ ಬಿಷಪ್ ಆಪ್ಟಾಟಸ್ ಒಂದು ಕಡೆ, ಪಾದ್ರಿ ಆಸ್ಪಾಸಿಯಸ್ ಇನ್ನೊಂದು ಕಡೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದಾರೆ. ಇಬ್ಬರಿಗೂ ಜಗಳ. ಅವರು ಸಾಟುರಸ್, ಪೆರ್ಪೆಟುವಾ ಇಬ್ಬರ ಕಾಲಿಗೆ ಬಿದ್ದು, ನೀವು ನಮ್ಮನ್ನು ಹೀಗೇ ಬಿಟ್ಟು ಬಂದಿರಿ, ನಮಗೆ ರಾಜಿ ಮಾಡಿಸಿ ಅನ್ನುತ್ತಾರೆ. ನೀವು ನಮ್ಮ ಬಿಷಪ್ಪರು, ನೀವು ನಮ್ಮ ಪಾದ್ರಿಗಳು, ನಮ್ಮ ಕಾಲಿಗೆ ಬೀಳುವುದಾ ಅಂತ ಇವರು ಎಬ್ಬಿಸಿ ಅಪ್ಪಿಕೊಳ್ಳುತ್ತಾರೆ. ಪೆರ್ಪೆಟುವಾ ಅವರ ಜೊತೆ ಗ್ರೀಕ್‌ನಲ್ಲಿ ಮಾತಾಡುತ್ತಾಳೆ. ಅಷ್ಟರಲ್ಲಿ ದೇವದೂತರು ಬಂದು ಬೈಯುತ್ತಾರೆ: ಇವರು ದಣಿವಾರಿಸಿಕೊಳ್ಳಲಿ ಬಿಡಿ, ನಿಮ್ಮ ಜಗಳ ನೀವೇ ತೀರಿಸಿಕೊಳ್ಳಿ. ಬಿಷಪ್ಪನಿಗೆ ಬೇರೆಯಾಗಿ, ನಿನ್ನ ಜನರನ್ನು ತಿದ್ದು, ರಥದ ಪಂದ್ಯ ನೋಡಿಕೊಂಡು ಪಕ್ಷ ಕಟ್ಟಿ ಜಗಳವಾಡುತ್ತಾ ಬರುವವರ ಹಾಗೆ ನಿನ್ನ ಹತ್ತಿರ ಬರುತ್ತಾರೆ ಅನ್ನುತ್ತಾರೆ.

ಇದು ಕನಸೇ ಇರಬಹುದು. ಆದರೆ ಸಭೆಯಲ್ಲಿ ಓದುವುದಕ್ಕೆ ಅಂತ ಬರೆದಿಟ್ಟ ಕನಸು. ಜನ ತಮ್ಮ ಜಗಳಗಳಿಗೆ ಸೆರೆಯಲ್ಲಿದ್ದವರನ್ನು ನಂಬಿದಷ್ಟು ಗುರುಗಳನ್ನು ನಂಬುತ್ತಿರಲಿಲ್ಲ ಅನ್ನುವುದನ್ನು ಇದಕ್ಕಿಂತ ನೇರವಾಗಿ ಹೇಳಲಾಗುವುದಿಲ್ಲ. ಸುಮಾರು 50 ವರ್ಷದ ನಂತರ ಡೆಸಿಯಸ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಇದೇ ಕಾರ್ತೇಜಿನಲ್ಲಿ ಇದು ಬಹಿರಂಗ ತಕರಾರಾಯಿತು. ಸೆರೆಯಲ್ಲಿದ್ದವರು ನಂಬಿಕೆ ಬಿಟ್ಟವರಿಗೆ ಕ್ಷಮೆಯ ಚೀಟಿ ಬರೆದುಕೊಡುತ್ತಿದ್ದರು, ಬಿಷಪ್ ಸಿಪ್ರಿಯನ್ ಅದಕ್ಕೆ ತಡೆ ಹಾಕಬೇಕಾಯಿತು.

ಫೆಲಿಸಿಟಾಸ್

ಇವಳನ್ನು ಪೆರ್ಪೆಟುವಾಳ ಮನೆಯ ಆಳು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಮೂಲದಲ್ಲಿ ಹಾಗಿಲ್ಲ, ರೆವೊಕಾಟಸ್‌ನ ಜೊತೆಯ ಗುಲಾಮಳು ಅಂತಷ್ಟೇ ಇದೆ. ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಪೆರ್ಪೆಟುವಾಳ ಸ್ವಂತ ಬರಹದಲ್ಲಿ ಫೆಲಿಸಿಟಾಸ್‌ಳ ಹೆಸರೇ ಬರುವುದಿಲ್ಲ. ಓದಿದವಳಿಗೆ ಬರಹ ಇತ್ತು, ದರ್ಶನ ಇತ್ತು, ಅದನ್ನು ಕೇಳಿಸಿಕೊಳ್ಳುವವರಿದ್ದರು. ಗುಲಾಮಳ ಸುದ್ದಿ ಸಂಪಾದಕ ಹೇಳಿದ್ದರಿಂದ ಉಳಿಯಿತು.

ಅವಳು ಎಂಟು ತಿಂಗಳ ಬಸುರಿ. ಬಸುರಿಯನ್ನು ಕೊಲ್ಲಲು ರೋಮನ್ ಕಾನೂನು ಬಿಡುತ್ತಿರಲಿಲ್ಲ. ಅವಳ ಚಿಂತೆ ಅದೇ ಆಗಿತ್ತು: ಶಿಕ್ಷೆ ಮುಂದಕ್ಕೆ ಹೋದರೆ ಆಮೇಲೆ ಕೊಲೆಗಡುಕರ ನಡುವೆ ಒಬ್ಬಳೇ ಸಾಯಬೇಕು. ಉಳಿದವರಿಗೂ ಅವಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಆಟಕ್ಕೆ ಎರಡು ದಿನ ಮೊದಲು ಎಲ್ಲರೂ ಸೇರಿ ಪ್ರಾರ್ಥಿಸಿದರು, ಕೂಡಲೇ ಬೇನೆ ಶುರುವಾಯಿತು. ಎಂಟನೇ ತಿಂಗಳ ಹೆರಿಗೆ, ಕಷ್ಟದ ಹೆರಿಗೆ. ನರಳುತ್ತಿದ್ದವಳನ್ನು ನೋಡಿ ಕಾವಲಿನವನೊಬ್ಬ ಹಂಗಿಸಿದ, ಈಗಲೇ ಇಷ್ಟು ಒದ್ದಾಡುತ್ತೀಯಲ್ಲ, ಮೃಗಗಳ ಮುಂದೆ ಎಸೆದಾಗ ಏನು ಮಾಡುತ್ತೀಯ? ಅವಳು ಹೇಳಿದ್ದು, ಈಗ ನೋಯುತ್ತಿರುವವಳು ನಾನು. ಆಗ ನನ್ನೊಳಗೆ ಇನ್ನೊಬ್ಬನು ಇರುತ್ತಾನೆ, ನಾನು ಅವನಿಗಾಗಿ ನೋಯುವುದರಿಂದ ಅವನು ನನಗಾಗಿ ನೋಯುತ್ತಾನೆ.

ಇಡೀ ಬರಹದಲ್ಲಿ ದೇವರ ವಿಷಯವಾಗಿ ಬಂದಿರುವ ಮಾತುಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ಕಾಣುವುದಿಲ್ಲ. ದರ್ಶನವಿಲ್ಲ, ಏಣಿಯಿಲ್ಲ, ಓದೂ ಇಲ್ಲ ಅಂತ ಕಾಣುತ್ತದೆ. ಹೆರಿಗೆ ನೋವಿನ ಮಧ್ಯೆ ಬಂದ ಮಾತು. ಇದನ್ನು ಪ್ರವಾದನೆ ಅಂತ ಯಾರೂ ಪಟ್ಟಿಗೆ ಸೇರಿಸಲಿಲ್ಲ, ನಾನು ಸೇರಿಸುತ್ತೇನೆ. ಹೆಣ್ಣುಮಗು ಹುಟ್ಟಿತು. ಒಬ್ಬ ಸಹೋದರಿ ಅದನ್ನು ತನ್ನ ಮಗಳಾಗಿ ಸಾಕಿಕೊಂಡಳು.

ಅಖಾಡ

ಮಾರ್ಚ್ 7. ಸೆಕುಂಡುಲಸ್ ಅದಾಗಲೇ ಸೆರೆಯಲ್ಲೇ ತೀರಿಕೊಂಡಿದ್ದ. ಹಿಂದಿನ ರಾತ್ರಿ ಶಿಕ್ಷೆಯಾದವರಿಗೆ ಹಾಕುವ ಕೊನೆಯ ಊಟವನ್ನು ಇವರು ಪ್ರೇಮಭೋಜನ (ಕ್ರೈಸ್ತರು ಒಟ್ಟಿಗೆ ಕೂತು ಮಾಡುವ ಸಹಭೋಜನ) ಮಾಡಿಕೊಂಡಿದ್ದರು. ಇದಕ್ಕೆ ಮೊದಲೂ ಒಂದು ಪ್ರಸಂಗ ನಡೆದಿತ್ತು. ಇವರು ಮಂತ್ರ ಹಾಕಿ ತಪ್ಪಿಸಿಕೊಂಡಾರು ಅಂತ ಯಾರದೋ ಮಾತು ಕೇಳಿ ದಂಡಿನ ಅಧಿಕಾರಿ ಕಾಟ ಜಾಸ್ತಿ ಮಾಡಿದ್ದ. ಪೆರ್ಪೆಟುವಾ ಅವನ ಮುಖಕ್ಕೇ ಹೇಳಿದಳು: ನಾವು ಸೀಸರನ (ಅಂದರೆ ಗೇಟಾನ) ಹುಟ್ಟುಹಬ್ಬಕ್ಕೆ ಹೋರಾಡಬೇಕಾದ ಕೈದಿಗಳು, ಮೈಕೈ ತುಂಬಿಕೊಂಡು ಬಂದರೆ ನಿನಗೇ ಹೆಸರು, ಅಲ್ವಾ? ಅವನ ಮುಖ ಕೆಂಪಾಯಿತು, ಸೌಲಭ್ಯ ಸಿಕ್ಕಿತು. ಸೆರೆಯ ಉಸ್ತುವಾರಿ ಪುಡೆನ್ಸ್ ಅಷ್ಟು ಹೊತ್ತಿಗೆ ನಂಬುವವನಾಗಿದ್ದ.

ಬಾಗಿಲಲ್ಲಿ ಹೆಂಗಸರಿಗೆ ಸೀರಿಸ್ ದೇವತೆಯ ಪೂಜಾರಿಣಿಯರ ವೇಷ, ಗಂಡಸರಿಗೆ ಸ್ಯಾಟರ್ನ್ ದೇವರ ಪೂಜಾರಿಗಳ ವೇಷ ಹಾಕಿಸಲು ಹೋದರು. ಇದು ಆಗಬಾರದು ಅಂತಲೇ ನಾವು ಜೀವ ಕೊಡುತ್ತಿರುವುದು, ಅದು ನಮ್ಮ ನಿಮ್ಮ ಒಪ್ಪಂದ ಅಂತ ಪೆರ್ಪೆಟುವಾ ಜಗಳ ತೆಗೆದಳು. ಅಧಿಕಾರಿ ಒಪ್ಪಬೇಕಾಯಿತು. ಅವಳು ಕೀರ್ತನೆ ಹಾಡುತ್ತಾ ಒಳಗೆ ಹೋದಳು.

ಹೆಂಗಸರಿಗೆ ಅಂತ ಬೇಕೆಂದೇ ಹಾಯುವ ಹಸುವನ್ನು ತಂದಿದ್ದರು. ಇಬ್ಬರನ್ನೂ ಬೆತ್ತಲೆ ಮಾಡಿ ಬಲೆ ಹೊದಿಸಿ ತಂದಾಗ, ಒಬ್ಬಳು ಸುಕುಮಾರಿ, ಇನ್ನೊಬ್ಬಳು ಮೊನ್ನೆ ಹೆತ್ತು ಎದೆಯಿಂದ ಹಾಲು ಸೋರುತ್ತಿರುವವಳು ಅಂತ ನೋಡಿ ಅಲ್ಲಿದ್ದ ಜನಕ್ಕೇ ತಡೆಯಲಾಗಲಿಲ್ಲ. ವಾಪಸ್ ಕರೆದು ಬಟ್ಟೆ ಹಾಕಿಸಿದರು. ಹಸು ಪೆರ್ಪೆಟುವಾಳನ್ನು ಎತ್ತಿ ಎಸೆಯಿತು. ಎದ್ದು ಕೂತು ಹರಿದ ಬಟ್ಟೆಯಿಂದ ತೊಡೆ ಮುಚ್ಚಿಕೊಂಡಳು, ಕೂದಲಿಗೆ ಪಿನ್ನು ಹುಡುಕಿದಳು, ಯಾಕೆಂದರೆ ಬಿಚ್ಚಿದ ಕೂದಲು ಶೋಕದ ಗುರುತು. ಆಮೇಲೆ ಬಿದ್ದಿದ್ದ ಫೆಲಿಸಿಟಾಸ್‌ಗೆ ಕೈಕೊಟ್ಟು ಎಬ್ಬಿಸಿದಳು. ಇಬ್ಬರೂ ಪಕ್ಕಪಕ್ಕ ನಿಂತರು, ಒಡತಿಯ ವರ್ಗದವಳೂ ಗುಲಾಮಳೂ.

ಬಾಗಿಲಿಗೆ ಕರೆತಂದಾಗ ಪೆರ್ಪೆಟುವಾ ನಿದ್ದೆಯಿಂದ ಎದ್ದವಳ ಹಾಗೆ ಸುತ್ತ ನೋಡಿ, ನಮ್ಮನ್ನು ಆ ಹಸುವಿನ ಮುಂದೆ ಯಾವಾಗ ಬಿಡುತ್ತಾರೆ ಅಂತ ಕೇಳಿದಳು. ಆಗಲೇ ಆಗಿಹೋಯಿತು ಅಂದರೆ ನಂಬಲಿಲ್ಲ, ಮೈಮೇಲಿನ ಗಾಯ ನೋಡಿಯೇ ನಂಬಿದ್ದು. ಅಷ್ಟು ಆತ್ಮದಲ್ಲಿ ಮುಳುಗಿದ್ದಳು ಅಂತ ಸಂಪಾದಕ ಬರೆಯುತ್ತಾನೆ. ನೀರಿನಲ್ಲಿ ನಿಂತು ಕೇಳಿದ್ದ ಶರೀರದ ತಾಳಿಕೆ ಅವಳಿಗೆ ಸಿಕ್ಕಿದ್ದು ಹೀಗೆ. ದರ್ಶನದಲ್ಲಿ ಮುಳುಗುವ ವರವೇ ತಾಳಿಕೊಳ್ಳುವ ವರವೂ ಆಯಿತು. ಆದರೆ ಅದು ಕೊನೆಯ ತನಕ ಇರಲಿಲ್ಲ. ಕತ್ತಿ ಹಿಡಿದ ಹುಡುಗ ಹೊಸಬ, ಅವನ ಮೊದಲ ಏಟು ಮೂಳೆಗೆ ಬಿತ್ತು, ಅವಳು ಕಿರುಚಿದಳು. ಆಮೇಲೆ ನಡುಗುತ್ತಿದ್ದ ಅವನ ಕೈಯನ್ನು ತಾನೇ ಹಿಡಿದು ಕುತ್ತಿಗೆಗೆ ಇಟ್ಟುಕೊಂಡಳು. ಆ ಕಿರುಚಾಟವನ್ನು ಸಂಪಾದಕ ಬಿಡದೆ ಬರೆದಿದ್ದಾನೆ, ಅವನ ಮೇಲೆ ನನಗೆ ನಂಬಿಕೆ ಬರುವುದು ಅದರಿಂದಲೇ.

ಆಮೇಲೆ ಈ ವರವನ್ನು ಏನು ಮಾಡಿದರು

ಸಂಪಾದಕನ ನಿಲುವು ಮುನ್ನುಡಿಯಲ್ಲೇ ಸ್ಪಷ್ಟ. ಹಳೆಯದನ್ನು ಮಾತ್ರ ದೊಡ್ಡದು ಅನ್ನಬೇಡಿ, ಪವಿತ್ರಾತ್ಮನ ಕೆಲಸ ನಿಂತಿಲ್ಲ ಅನ್ನುತ್ತಾನೆ. 'ನಿಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು' ಅನ್ನುವ, ಬೈಬಲ್ಲಿನ ಪ್ರವಾದಿ ಯೋವೇಲನ ಮಾತನ್ನೂ ಎತ್ತುತ್ತಾನೆ. ಇದೇ ಮಾತನ್ನು ಪಂಚಾಶತ್ತಮ ದಿನದಲ್ಲಿ ಪೇತ್ರ ಹೇಳಿದ್ದು ಅಪೊಸ್ತಲರ ಕೃತ್ಯಗಳಲ್ಲಿದೆ. ಆಗ ಫ್ರಿಜಿಯಾ ಕಡೆಯಿಂದ, ಅಂದರೆ ಈಗಿನ ಟರ್ಕಿಯಿಂದ, ಮಾಂಟಾನಸ್, ಪ್ರಿಸ್ಕಾ, ಮ್ಯಾಕ್ಸಿಮಿಲ್ಲಾ ಎಂಬವರ 'ಹೊಸ ಪ್ರವಾದನೆ' ಆಫ್ರಿಕಾಕ್ಕೂ ತಲುಪಿತ್ತು. ಹಾಗಾಗಿ ಪೆರ್ಪೆಟುವಾಳ ಗುಂಪು ಆ ಪಂಗಡದ್ದೇ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಹಣೆಪಟ್ಟಿ ಬೇಕಿಲ್ಲ ಅನ್ನಿಸುತ್ತದೆ. ಆಕೆ ಅದೇ ಬಿಷಪ್ ಆಪ್ಟಾಟಸ್‌ನ ಸಭೆಯವಳು, ಮುಂದೆ ಅವಳನ್ನು ನೆನೆದದ್ದೂ ಮುಖ್ಯ ಸಭೆಯೇ.

ಟೆರ್ಟುಲ್ಲಿಯನ್ ಕಥೆ ಇನ್ನೂ ಸ್ವಾರಸ್ಯ. ಹೆಂಗಸರು ಕಲಿಸಬಾರದು, ದೀಕ್ಷಾಸ್ನಾನ ಕೊಡಬಾರದು, ಸಭೆಯಲ್ಲಿ ಮಾತಾಡಬಾರದು ಅಂತ ಬರೆದವನು ಅವನೇ. ಮನುಷ್ಯನ ಆತ್ಮದ ಬಗ್ಗೆ ಬರೆದ ಗ್ರಂಥದಲ್ಲಿ ಮಾತ್ರ, ನಮ್ಮಲ್ಲಿ ದರ್ಶನ ಕಾಣುವ ವರ ಇರುವ ಒಬ್ಬ ಸಹೋದರಿ ಇದ್ದಾಳೆ, ಆರಾಧನೆ ಮುಗಿದು ಜನ ಹೋದ ಮೇಲೆ ಕಂಡದ್ದನ್ನು ನಮಗೆ ಹೇಳುತ್ತಾಳೆ, ನಾವು ಪರೀಕ್ಷಿಸುತ್ತೇವೆ ಅನ್ನುತ್ತಾನೆ. ಅವಳು ಕಂಡದ್ದನ್ನು ತನ್ನ ವಾದಕ್ಕೆ ಸಾಕ್ಷಿಯಾಗಿಯೂ ಬಳಸುತ್ತಾನೆ. ವರ ಬೇಕು, ಆದರೆ ಜನ ಹೋದ ಮೇಲೆ. ಅದೇ ಗ್ರಂಥದಲ್ಲಿ ಪೆರ್ಪೆಟುವಾಳ ಹೆಸರನ್ನೂ ಹೊಗಳಿಕೆಯಿಂದ ಎತ್ತುತ್ತಾನೆ. ಸತ್ತವಳನ್ನು ಮುಚ್ಚುಮರೆಯಿಲ್ಲದೆ ಹೊಗಳಬಹುದಲ್ಲ!

ರೋಮಿನ 354ರ ಪಂಚಾಂಗದಲ್ಲಿ ಮಾರ್ಚ್ 7ಕ್ಕೆ ಇಬ್ಬರ ಹೆಸರೂ ಇದೆ. ರೋಮನ್ ಬಲಿಪೂಜೆಯ ಮೊದಲನೇ ಮಹಾಪ್ರಾರ್ಥನೆಯಲ್ಲಿ ಇವತ್ತಿಗೂ ಫೆಲಿಸಿಟಾಸ್, ಪೆರ್ಪೆಟುವಾ ಅಂತ ಬರುತ್ತದೆ, ನಮ್ಮ ಕರ್ನಾಟಕದ ಕಥೋಲಿಕ ಚರ್ಚುಗಳಲ್ಲೂ ಆ ಪ್ರಾರ್ಥನೆ ಇದ್ದೇ ಇದೆ. ಆದರೆ ಆ ಹೆಸರುಗಳು ಗುರುಗಳು ಬೇಕಿದ್ದರೆ ಬಿಡಬಹುದಾದ ಸಾಲಿನಲ್ಲಿವೆ.

ಆಫ್ರಿಕಾದವನೇ ಆದ ಬಿಷಪ್ ಅಗಸ್ಟೀನನ ಕಾಲಕ್ಕೆ, ಅಂದರೆ ಸುಮಾರು 200 ವರ್ಷದ ನಂತರ, ಈ ಬರಹವನ್ನು ಹಬ್ಬದ ದಿನ ಆಫ್ರಿಕಾದ ಚರ್ಚುಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅವನು ಆ ದಿನ ಮಾಡಿದ ಉಪದೇಶಗಳು ಉಳಿದಿವೆ. ಅವಳ ಧೈರ್ಯದ ಬಗ್ಗೆ ಹೊಗಳಿಕೆ ಧಾರಾಳವಾಗಿದೆ. ಡಿನೊಕ್ರಾಟಿಸ್ ವಿಷಯ ಬಂದಾಗ ಮಾತ್ರ ಬಿಗಿಯಾದ. ವಿನ್ಸೆಂಟಿಯಸ್ ವಿಕ್ಟರ್ ಅನ್ನುವ ಯುವಕನೊಬ್ಬ, ನೋಡಿ, ದೀಕ್ಷಾಸ್ನಾನ ಇಲ್ಲದೆ ಸತ್ತ ಮಗುವಿಗೂ ಪ್ರಾರ್ಥನೆಯಿಂದ ಬಿಡುಗಡೆ ಸಿಕ್ಕಿತಲ್ಲ ಅಂತ ಪೆರ್ಪೆಟುವಾಳನ್ನೇ ಸಾಕ್ಷಿಗೆ ಕರೆದಿದ್ದ. ಅಗಸ್ಟೀನ್ ಎರಡು ಉತ್ತರ ಕೊಟ್ಟ. ಮೊದಲನೆಯದು, ಅದು ಪವಿತ್ರ ಗ್ರಂಥದ ಭಾಗವಲ್ಲ. ಎರಡನೆಯದು, ಹುಡುಗನಿಗೆ ದೀಕ್ಷಾಸ್ನಾನ ಆಗಿಯೇ ಇರಬೇಕು, ಆಮೇಲೆ ಅನ್ಯದೇವರ ಭಕ್ತನಾದ ತಂದೆ ಅವನನ್ನು ವಿಗ್ರಹಗಳ ಹತ್ತಿರ ಕರೆದುಕೊಂಡು ಹೋಗಿರಬಹುದು, ಆ ಪಾಪಕ್ಕೆ ಅವನು ನೋಯುತ್ತಿದ್ದಿರಬಹುದು. ಬೆತ್ತದೇಟು ತಿಂದ ಆ ಮುದುಕನ ತಲೆಗೆ ಇದೂ ಒಂದು ಬಂತು. ಪೆರ್ಪೆಟುವಾಳ ಬರಹದಲ್ಲಿ ತಮ್ಮನ ದೀಕ್ಷಾಸ್ನಾನದ ಮಾತೂ ಇಲ್ಲ, ಅವನ ಪಾಪದ ಮಾತೂ ಇಲ್ಲ. ಹುಡುಗನಿಗೆ ಬಾಯಾರಿಕೆಯಾಗಿತ್ತು, ಅವಳು ಪ್ರಾರ್ಥಿಸಿದಳು, ಅವನು ಕುಡಿದ ಅಂತಿದೆ.